ಬೀರುವಿನ ಬೀಗದ ಕೈ

ಇದು ಸ್ವಲ್ಪ ಉದ್ದ ಆಗುತ್ತೆ. ಪುರುಸೊತ್ತು ಮಾಡ್ಕೊಂಡು ಓದಿ. ಓದಿ ಬೈಯೋದಿದ್ರೆ ಬೈರಿ, ಬೈಸಿಕೊಳ್ಳೋಕೇ ಬರೀತಿದ್ದೀನಿ.

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಸಿರಾ ಕಡೆಯ ಒಬ್ಬ ಹುಡುಗ ನಮ್ಮ ಮನೆಗೆ ಬಂದ. ಕೈಲಿ ಪ್ಲಾಸ್ಟಿಕ್ ಕವರು. ಅದರೊಳಗೆ ಮಡಿಕೆ ಮಡಿಕೆಯಲ್ಲೂ ಹರಿದಿದ್ದ ಒಂದು ಸಾಗುವಳಿ ಚೀಟಿ. ಅವನ ಮುತ್ತಾತನಿಗೆ ದರಖಾಸ್ತಿನಲ್ಲಿ ಸಿಕ್ಕಿದ್ದ ಎರಡು ಎಕರೆ ಯಾವತ್ತೋ ಕೈತಪ್ಪಿ ಹೋಗಿದೆ. ಪಿ.ಟಿ.ಸಿ.ಎಲ್. ಕಾಯ್ದೆ ಕೆಳಗೆ ವಾಪಸ್ ಕೊಡಿಸಿ ಅಂತ ಎ.ಸಿ. ಕೋರ್ಟಿಗೆ ಅರ್ಜಿ ಹಾಕಿದ್ದಾರೆ. ಚೀಟಿಯಲ್ಲಿರೋ ಹೆಸರು "ತಿಮ್ಮ ಬಿನ್ ಹನುಮ". ಮನೆಯ ಮಿಕ್ಕ ಕಾಗದದಲ್ಲೆಲ್ಲ "ದೊಡ್ಡತಿಮ್ಮಯ್ಯ". ಎದುರು ಪಾರ್ಟಿ ವಕೀಲರದು ಒಂದೇ ಮಾತು: ಆ ತಿಮ್ಮ ನಿಮ್ಮವನಲ್ಲ, ಅದೇ ಹಟ್ಟಿಯಲ್ಲಿ ಇನ್ನೊಬ್ಬ ತಿಮ್ಮ ಇದ್ದ.

"ಅಣ್ಣ, ನಮ್ಮ ಹಟ್ಟಿ ತಾತನ್ನ ಮಾತಾಡಿಸಿ ನಿಮ್ಮೋರು ಎಲ್ಲಾ ರೆಕಾರ್ಡ್ ಮಾಡ್ಕೊಂಡು ಹೋಗಿದ್ರಂತೆ. ಅದು ಬೇಕಿತ್ತು" ಅಂದ.

ಹೌದು, ಮಾಡಿದ್ವಿ. 2018ರಲ್ಲಿ. ನಮ್ಮ ಬಳಗದ ಒಬ್ಬ ಹುಡುಗ ಆ ತಾತನ ಮುಂದೆ ಕೂತು ಒಂದೂವರೆ ಗಂಟೆ ರೆಕಾರ್ಡ್ ಮಾಡಿದ್ದ. ಆ ತಾತ 2021ರ ಕೊರೋನಾದಲ್ಲಿ ತೀರಿಕೊಂಡರು. ನಾನು ಬೀರು ತೆಗೆದು ನೋಟ್‌ಬುಕ್ ಹುಡುಕಿದೆ. ಸಿಕ್ಕಿತು. ಅದರಲ್ಲಿ ಇದ್ದದ್ದು ಇಷ್ಟು: "ಹಟ್ಟಿ ತಾತ. ಇಬ್ಬರು ತಿಮ್ಮಂದಿರು. ಅಪ್ಪಂದಿರು ಬೇರೆ. ರೆಕಾರ್ಡಿಂಗ್ ಕೇಳಿ."

ರೆಕಾರ್ಡಿಂಗ್ ಇಲ್ಲ.

ಯಾಕೆ ಇಲ್ಲ ಅನ್ನೋದನ್ನ ಆಮೇಲೆ ಹೇಳ್ತೀನಿ. ಅದಕ್ಕೆ ಮೊದಲು, ನಮ್ಮಂಥವರಿಗೆ ವಂಶಾವಳಿ ಅಂದ್ರೆ ಏನು, ಅದನ್ನ ಕಾಪಾಡಿದವರು ಯಾರು, ಕಳೆದವರು ಯಾರು ಅನ್ನೋ ಚರಿತ್ರೆ ಹೇಳಬೇಕು. ಅದು ಗೊತ್ತಿಲ್ಲದೆ ಈ ಹುಡುಗನ ಕಷ್ಟ ಬರೀ ಒಂದು ಫೋನು ಹಾಳಾದ ಕಥೆ ಅನ್ನಿಸಿಬಿಡುತ್ತೆ.

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಹೆಳವರು ಬರ್ತಿದ್ರು. ಸಿಂಗಾರ ಮಾಡಿದ ಎತ್ತು, ದೊಡ್ಡ ಪುಸ್ತಕದ ಗಂಟು. ಗೌಡರ ಜಗಲಿ ಮೇಲೆ ಕೂತು ಏಳೆಂಟು ತಲೆಮಾರಿನ ಹೆಸರು ಒಂದೇ ಉಸಿರಿಗೆ ಹೇಳೋರು. ಯಾವ ಊರಿಂದ ಬಂದ್ರಿ, ಯಾವ ದೇವರ ಒಕ್ಕಲು, ಯಾರು ಯಾರಿಗೆ ಹುಟ್ಟಿದ್ರು, ಯಾರು ಕವಲೊಡೆದು ಎಲ್ಲಿಗೆ ಹೋದ್ರು, ಎಲ್ಲಾ. ಹೊಸ ಮಗು ಹುಟ್ಟಿದ್ರೆ ಅಲ್ಲೇ ಹೆಸರು ಸೇರಿಸಿಕೊಳ್ಳೋರು. ನಾವು ಹುಡುಗರು ದೂರದಲ್ಲಿ ನಿಂತು ಕೇಳ್ತಿದ್ವಿ. ಒಂದು ಸಲ ನಾನು ಅಪ್ಪನ್ನ ಕೇಳಿದೆ, "ನಮ್ಮದನ್ನ ಯಾಕೆ ಹೇಳಲ್ಲ?" ಅಪ್ಪ, "ನಮ್ಮದು ಅವರ ಪುಸ್ತಕದಲ್ಲಿ ಇಲ್ಲ ಕಣ" ಅಂದ್ರು.

ಎಷ್ಟೋ ವರ್ಷ ನಾನು ಇದನ್ನೇ ಭಾಷಣದಲ್ಲಿ ಹೇಳ್ಕೊಂಡು ಬಂದೆ. ಅವರಿಗೆ ವಂಶಾವಳಿ ಹೇಳೋರು ಇದ್ರು, ನಮಗೆ ಇರಲಿಲ್ಲ ಅಂತ. ಚಪ್ಪಾಳೆ ಬೀಳೋದು. ಆದರೆ ಅದು ಪೂರ್ತಿ ನಿಜ ಅಲ್ಲ.

ಮಾದಿಗರಿಗೆ ದಕ್ಕಲಿಗರು ಇದ್ದರು. ಈಗಲೂ ಇದ್ದಾರೆ. ಮಾದಿಗರ ಹಳೆಮಕ್ಕಳು ಅಂತ ಕರೆಸಿಕೊಂಡ ಅಲೆಮಾರಿ ಜನ. ಜಾಂಬವ ಪುರಾಣ ಹೇಳೋರು, ನಮ್ಮ ಕುಲ, ಬೆಡಗು, ವಂಶ ಹೇಳೋರು. ಅವರು ಭಿಕ್ಷೆಗೆ ಬರ್ತಿದ್ದದ್ದು ನಮ್ಮ ಹಟ್ಟಿಗಳಿಗೆ ಮಾತ್ರ. ಅವರನ್ನ ನಾವು ಹೆಂಗೆ ನಡೆಸಿಕೊಂಡ್ವಿ? ಹಟ್ಟಿಯ ಹೊರಗೆ ಗುಡಾರ. ಮನೆಯೊಳಗೆ ಬಿಡೋ ಹಂಗಿಲ್ಲ, ಮುಟ್ಟೋ ಹಂಗಿಲ್ಲ. ನಮ್ಮವ್ವ ಎತ್ತರದಿಂದ ಅವರ ಬಟ್ಟೆಗೆ ರಾಗಿ ಸುರಿಯೋದನ್ನ ನಾನೇ ಕಣ್ಣಾರೆ ಕಂಡಿದ್ದೀನಿ. ಊರಿನವರು ನಮ್ಮವ್ವನಿಗೆ ನೀರು ಸುರೀತಿದ್ದದ್ದೂ ಹಂಗೇ. ನಮ್ಮ ವಂಶವನ್ನ ತಲೆಯಲ್ಲಿ ಹೊತ್ತು ತಿರುಗಿದವರನ್ನ ನಾವೇ ಮುಟ್ಟಿಸಿಕೊಳ್ಳಲಿಲ್ಲ. ಅವರ ಮಕ್ಕಳು ಆ ಕಸುಬು ಬಿಟ್ಟರು, ಬಿಟ್ಟದ್ದು ಸರಿ. ಆದರೆ ಅವರ ಜೊತೆ ಹೋದದ್ದು ನಮ್ಮ ಪುಸ್ತಕ. ಇದಕ್ಕೆ ನಾನು ಯಾವ ಗೌಡರನ್ನೂ ಬೈಯೋಕಾಗಲ್ಲ.

ಇನ್ನೊಂದು ಕಡೆ ನೋಡಿ. ಹೊಲೆಯ ಸಮುದಾಯದಲ್ಲಿ ಕುಳವಾಡಿ ಅಂತ ಇದ್ದ. ಊರಿನ ಗಡಿ ವಿಚಾರಕ್ಕೆ ಜಗಳ ಬಂದಾಗ ಕೊನೇ ಮಾತು ಅವನದು. 19ನೇ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿದ್ದ ಮೆಕೆಂಜಿ ಅನ್ನೋ ಬ್ರಿಟಿಷ್ ಅಧಿಕಾರಿ ಈ ಪದ್ಧತಿಯನ್ನ ವಿವರವಾಗಿ ಬರೆದಿಟ್ಟಿದ್ದಾನೆ. ಕುಳವಾಡಿ ಊರಿನ ಮಣ್ಣಿನ ಉಂಡೆಯನ್ನ ತಲೆ ಮೇಲೆ ಇಟ್ಟುಕೊಂಡು ಗಡಿಗುಂಟ ನಡೀಬೇಕು. ದಾರಿ ತಪ್ಪದೆ ನಡೆದರೆ ಉಂಡೆ ಉಳಿಯುತ್ತೆ. ಒಂದು ಹೆಜ್ಜೆ ಆಚೆ ಇಟ್ಟರೆ ಉಂಡೆ ಒಡೆಯುತ್ತೆ, ಅವನು 15 ದಿನದೊಳಗೆ ಸಾಯ್ತಾನೆ, ಅವನ ಮನೆ ಹಾಳಾಗುತ್ತೆ ಅನ್ನೋದು ನಂಬಿಕೆ.

ಯೋಚನೆ ಮಾಡಿ. ಊರಲ್ಲಿ ಒಂದು ಗುಂಟೆ ಇಲ್ಲದವನ ನೆನಪಿನ ಮೇಲೆ ಇಡೀ ಊರಿನ ಗಡಿ ನಿಂತಿತ್ತು. ಆ ನೆನಪು ತಪ್ಪಿದರೆ ಜೀವ ತೆರಬೇಕಾದವನೂ ಅವನೇ. ನೆನಪು ಅವನದು, ಜಮೀನು ಮಾತ್ರ ಬೇರೆಯವರದು.

ನಮ್ಮ ಕಡೆ ಎಷ್ಟೋ ಊರಲ್ಲಿ ತೋಟಿ, ತಳವಾರಿಕೆ, ನೀರಗಂಟಿ ಚಾಕರಿಗಳೂ ಹಟ್ಟಿಯವರ ಪಾಲಿಗೇ ಬಂದಿದ್ವು. ಕೆರೆ ತೂಬಿನ ನೀರು ಯಾವ ಗದ್ದೆಗೆ ಎಷ್ಟು ಹೊತ್ತು, ಯಾರ ಹೊಲದ ಬಾಂದು ಕಲ್ಲು ಎಲ್ಲಿ, ಯಾರ ಮನೇಲಿ ಯಾವತ್ತು ಸಾವಾಯ್ತು, ಸಾವಿನ ಸುದ್ದಿ ಯಾವ್ಯಾವ ಊರಿನ ನೆಂಟರಿಗೆ ಮುಟ್ಟಿಸಬೇಕು, ಎಲ್ಲಾ ಇವರ ತಲೆಯಲ್ಲಿ. ಊರಿನವರ ನೆಂಟಸ್ತಿಕೆಯ ನಕ್ಷೆ ನಮ್ಮ ತಾತಂದಿರಿಗೆ ಬಾಯಿಪಾಠ ಇತ್ತು. ಅವರದೇ ನೆಂಟಸ್ತಿಕೆ ಯಾವ ದಫ್ತರದಲ್ಲೂ ಏರಲಿಲ್ಲ.

ದಫ್ತರಕ್ಕೆ ಏರಿದಾಗಲಾದರೂ ಹೆಂಗೆ ಏರಿತು? ಬ್ರಿಟಿಷರ ಕಾಲದ ಜನಗಣತಿ ನಮ್ಮನ್ನ ಎಣಿಸಿತು. 1881, 1891, 1901 ಅಂತ ಹತ್ತು ವರ್ಷಕ್ಕೊಂದು ವರದಿ. ಎಷ್ಟು ಹೊಲೆಯರು, ಎಷ್ಟು ಮಾದಿಗರು ಅಂತ ಕೋಷ್ಟಕ ಇದೆ. ಹೆಸರು ಇಲ್ಲ. ಅಚ್ಚಾದ ಆ ವರದಿಗಳಲ್ಲಿ ನಾವು ಬರೀ ಸಂಖ್ಯೆ.

ನಮ್ಮ ಹಾಗೇ ಇನ್ನೊಂದು ಜನ ಇದೇ ಗೋಡೆಗೆ ಹಣೆ ಚಚ್ಚಿಕೊಂಡಿದ್ದಾರೆ. ಅಮೆರಿಕದ ಕಪ್ಪು ಜನ. ಅಲ್ಲಿನ 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗೆ ಬೇರೆ ಪಟ್ಟಿ. ಒಡೆಯನ ಹೆಸರು ಬರೆದು, ಅದರ ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರು ಬರೆಯಲಿಲ್ಲ. ಬಿಡುಗಡೆ ಆದ ಮೇಲೆ 1870ರ ಗಣತಿಯಲ್ಲೇ ಅವರೆಲ್ಲರ ಹೆಸರು ಮೊದಲ ಸಲ ಬಂದದ್ದು. ಅದಕ್ಕಿಂತ ಹಿಂದಕ್ಕೆ ಹೋಗಬೇಕು ಅಂದ್ರೆ ಮಾಲೀಕನ ಕಾಗದದಲ್ಲೇ ತಾತನನ್ನ ಹುಡುಕಬೇಕು. ನಾವೂ ಹಂಗೇ. ನಮ್ಮ ತಾತಂದಿರ ಹೆಸರು ಎಷ್ಟೋ ಸಲ ಸಿಗೋದು ಸಾಹುಕಾರರ ಮನೆಯ ಸಾಲದ ಲೆಕ್ಕದಲ್ಲಿ. ಜೀತ ರದ್ದತಿ ಕಾನೂನು 1976ರಲ್ಲಿ ಬಂತು. ಅದಾದ ಮೇಲೆ ಎಷ್ಟು ಲೆಕ್ಕದ ಪುಸ್ತಕ ಒಲೆಗೆ ಹೋದವೋ ಅವರಿಗೇ ಗೊತ್ತು. ಒಲೆಗೆ ಹೋಗಿದ್ದಕ್ಕೆ ಅವತ್ತು ನಮಗೆ ಖುಷಿಯೇ ಆಗಿತ್ತು ಅನ್ನೋದೂ ನಿಜ.

ಸರ್ಕಾರಿ ಕಾಗದದಲ್ಲಿ ಹೆಸರು ಬಂದಾಗ ತುಂಡು ಹೆಸರು. ಊರಿನವರದು ತಿಮ್ಮೇಗೌಡ, ತಿಮ್ಮಪ್ಪ, ತಿಮ್ಮಯ್ಯ. ನಮ್ಮದು ತಿಮ್ಮ. ಮಗ ಆದ್ರೆ "ಬಿನ್", ಹೆಂಡತಿ ಆದ್ರೆ "ಕೋಂ". ತಾತನ ಹೆಸರು ಮೊಮ್ಮಗನಿಗೆ ಇಡೋ ಪದ್ಧತಿಯಿಂದ "ತಿಮ್ಮ ಬಿನ್ ಹನುಮ"ನ ಮಗ "ಹನುಮ ಬಿನ್ ತಿಮ್ಮ", ಅವನ ಮಗ ಮತ್ತೆ "ತಿಮ್ಮ ಬಿನ್ ಹನುಮ". ಹಟ್ಟಿಯಲ್ಲಿ ಇವರಿಗೆ ದೊಡ್ಡತಿಮ್ಮ, ಕುಂಟತಿಮ್ಮ, ಬೆಂಗ್ಳೂರು ತಿಮ್ಮ ಅಂತ ಬೇರೆ ಬೇರೆ ಹೆಸರು. ಶಾನುಭೋಗರ ಪುಸ್ತಕಕ್ಕೆ ಅದು ಬೇಡವಾಗಿತ್ತು. ಕುಂಟತಿಮ್ಮ ಯಾರು, ಬೆಂಗ್ಳೂರು ತಿಮ್ಮ ಯಾರು ಅನ್ನೋದು ಬಲ್ಲ ಒಬ್ಬ ತಾತ ಸತ್ತರೆ ಮೂರು ಮನೆಯ ವಂಶ ಗಂಟುಬಿದ್ದು ಹೋಗುತ್ತೆ.

ಜಾತಿಯ ಕಾಲಂ ನೋಡಿದ್ರೆ ಅದೂ ಮೂರು ಸಲ ಬದಲಾಗಿದೆ. ಮೊದಲು ಹೊಲೆಯ, ಮಾದಿಗ. ಆಮೇಲೆ ಪಂಚಮ. 1920ರ ದಶಕದಲ್ಲಿ ಮೈಸೂರು ಸಂಸ್ಥಾನ ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನೋ ಹೆಸರು ಒಪ್ಪಿಕೊಂಡಿತು. ಅವಮಾನದ ಹೆಸರು ತೊಳೆಯೋಕೆ ನಮ್ಮ ಹಿರಿಯರೇ ಕೇಳಿ ಪಡೆದದ್ದು ಅದು. ಅದರ ಹಿಂದಿನ ಸ್ವಾಭಿಮಾನ ದೊಡ್ಡದು. ಆದರೆ ಶಾಲೆ ದಾಖಲಾತಿಯಲ್ಲಿ ಅದು ಎರಡಕ್ಷರ ಆಯ್ತು: ಎ.ಕೆ. ಮೂರು ತಲೆಮಾರು ಎ.ಕೆ. ಅಂತಲೇ ಬರೆಸಿ, ಈಗಿನ ಮಕ್ಕಳಿಗೆ ಅದರ ಹಿಂದೆ ಏನಿತ್ತು ಅನ್ನೋದೇ ಮರೆತಿದೆ. ಮಿಷನ್ನಿನ ಕಡೆ ಹೋದ ನಮ್ಮ ನೆಂಟರಿಗೆ ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ತಾರೀಕು ಸಮೇತ ಹೆಸರು ಸಿಗುತ್ತೆ. ಹಟ್ಟಿಯಲ್ಲೇ ಉಳಿದವರಿಗೆ ಸಿಗಲ್ಲ. ಅಣ್ಣನ ಕವಲಿಗೆ ದಾಖಲೆ ಇದೆ, ತಮ್ಮನ ಕವಲಿಗೆ ಇಲ್ಲ.

ಈಗ ಕೆಲವರು ಕೇಳ್ತೀರಿ: ವಂಶಾವಳಿ ಅನ್ನೋದೇ ಬ್ರಾಹ್ಮಣರ ಗೋತ್ರ ಪ್ರವರದ ಥರದ್ದು, ಹುಟ್ಟಿನ ಹೆಮ್ಮೆ ನಮಗೆ ಯಾಕೆ? ನಮ್ಮ ಬಳಗದ ಮೊದಲ ಸಭೆಯಲ್ಲೇ ಒಬ್ಬ ಗೆಳೆಯ ಇದನ್ನ ಕೇಳಿದ್ದ. ಉತ್ತರ ಇಷ್ಟೇ. ನಮಗೆ ಹುಟ್ಟಿನ ಹೆಮ್ಮೆ ಬೇಕಿಲ್ಲ, ಜಮೀನು ಬೇಕು.

1978ರ ಪಿ.ಟಿ.ಸಿ.ಎಲ್. ಕಾಯ್ದೆ 1979ರ ಜನವರಿ 1ರಿಂದ ಜಾರಿಗೆ ಬಂತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಷರತ್ತು ಮೀರಿ ಪರಭಾರೆ ಮಾಡಿದ್ರೆ ಆ ಪರಭಾರೆ ಅಸಿಂಧು, ಜಮೀನು ಮಂಜೂರಾದವರಿಗೆ ಅಥವಾ ಅವರ ವಾರಸುದಾರರಿಗೆ ವಾಪಸ್. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನ ಎತ್ತಿಹಿಡಿಯಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟು, ಅರ್ಜಿಯನ್ನ ಸಮಂಜಸ ಕಾಲದೊಳಗೆ ಹಾಕಬೇಕು, ತಡ ಮಾಡಿದ್ರೆ ಆಗಲ್ಲ ಅಂತು. ನೂರಾರು ಕೇಸು ಬಿದ್ದು ಹೋದ್ವು. ಹೋರಾಟ ಮಾಡಿ 2023ರಲ್ಲಿ ತಿದ್ದುಪಡಿ ತಂದ್ವಿ, ಕಾಲಮಿತಿ ಇಲ್ಲ ಅಂತ. ಇದೆಲ್ಲ ನಿಮಗೆ ಗೊತ್ತಿರೋದೇ. ಆದರೆ ಆ ಕಾನೂನಿನಲ್ಲಿ "ವಾರಸುದಾರರು" ಅನ್ನೋ ಒಂದು ಪದ ಇದೆಯಲ್ಲ, ಅದರ ಮುಂದೆ ಎಲ್ಲಾ ಹೋರಾಟ ಬಂದು ನಿಲ್ಲುತ್ತೆ. ವಾರಸುದಾರ ಅಂತ ತೋರಿಸೋಕೆ ವಂಶವೃಕ್ಷ ಬೇಕು. ನಾಡಕಚೇರಿಗೆ ಅರ್ಜಿ, ಅಫಿಡವಿಟ್ಟು, ಮಹಜರು, ಅಕ್ಕಪಕ್ಕದವರ ಸಹಿ. ಸಹಿ ಹಾಕೋ ಅಕ್ಕಪಕ್ಕದವನು ಅದೇ ಜಮೀನು ಕೊಂಡವನ ತೋಟದಲ್ಲಿ ಕೂಲಿ ಮಾಡ್ತಿರ್ತಾನೆ.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಹಟ್ಟಿಗಳ ಅತೀ ಹಳೇ ಜಮೀನು ಅಂದ್ರೆ ತೋಟಿ, ತಳವಾರಿಕೆ ಇನಾಮಿನ ಜಮೀನು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಆ ಚಾಕರಿ ಹೋಯ್ತು, ಜಮೀನು ಮರುಮಂಜೂರು ಆಗಬೇಕಾಯ್ತು. ಆದರೆ ಪಿ.ಟಿ.ಸಿ.ಎಲ್. ಕಾಯ್ದೆಯ ವ್ಯಾಖ್ಯೆಯಲ್ಲೇ ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ ಜಮೀನನ್ನ ಹೊರಗಿಟ್ಟಿದ್ದಾರೆ. ಅಂದ್ರೆ ಕೇಸು ಹಾಕೋ ಮೊದಲು ನಿಮ್ಮ ತಾತನಿಗೆ ಆ ಜಮೀನು ಬಂದದ್ದು ದರಖಾಸ್ತಿನಲ್ಲೋ, ತೋಟಿಕೆಯಿಂದಲೋ ಅಂತ ಗೊತ್ತಿರಬೇಕು. ಗೊತ್ತಿಲ್ಲದೆ ಹತ್ತು ವರ್ಷ ಅಲೆದು ಸೋತವರನ್ನ ನಾನು ನೋಡಿದ್ದೀನಿ. ಮನೆಯ ಚರಿತ್ರೆ ಗೊತ್ತಿಲ್ಲದಿರೋದು ನಮ್ಮಲ್ಲಿ ಇಷ್ಟು ದುಬಾರಿ.

ಇದಕ್ಕೇ 2016ರ ಏಪ್ರಿಲ್‌ನಲ್ಲಿ, ಬಾಬಾಸಾಹೇಬರ 125ನೇ ಜಯಂತಿಯ ಸಮಯದಲ್ಲಿ ನಾವೊಂದು ಬಳಗ ಕಟ್ಟಿದ್ವಿ. ಹಟ್ಟಿ ಹಟ್ಟಿಗೆ ಹೋಗಿ ಹಿರಿಯರ ಮಾತು ದಾಖಲೆ ಮಾಡೋದು, ವಂಶಾವಳಿ ಬರೆಯೋದು, ಹಳೇ ಕಾಗದ ಫೋಟೋ ತೆಗೆದಿಡೋದು. ಸಂಘ ನೋಂದಣಿ ಕಾಯ್ದೆಗೆ ಕಡೇಪಕ್ಷ ಏಳು ಜನ ಬೇಕು. ಏಳು ಜನ ಆದ್ವಿ: ಮೇಷ್ಟ್ರು ಒಬ್ಬರು, ಆಶಾ ಕಾರ್ಯಕರ್ತೆ ಒಬ್ಬರು, ರಿಟೈರಾದ ಪೋಸ್ಟ್‌ಮನ್, ಎಲ್‌ಐಸಿ ಏಜೆಂಟು, ತಮಟೆ ಬಾರಿಸೋ ಎಲೆಕ್ಟ್ರಿಷಿಯನ್ ಹುಡುಗ, ಒಬ್ಬ ಡಿಗ್ರಿ ವಿದ್ಯಾರ್ಥಿ, ಮತ್ತೆ ಗುಮಾಸ್ತ ನಾನು. ತಿಂಗಳಿಗೆ ತಲಾ ನೂರು ರೂಪಾಯಿ. ಮೊದಲ ವರ್ಷದ ಹುಮ್ಮಸ್ಸು ನೆನೆದರೆ ಈಗಲೂ ಮೈ ಜುಮ್ಮನ್ನುತ್ತೆ.

ಎರಡನೇ ವರ್ಷಕ್ಕೆ ಭಾನುವಾರದ ಸಭೆಗೆ ಬರೋರು ಮೂರು ಜನ. ಯಾರದೂ ತಪ್ಪಲ್ಲ. ವಾರಕ್ಕೆ ಆರು ದಿನ ದುಡಿಯೋರಿಗೆ ಇರೋದು ಒಂದು ಭಾನುವಾರ, ಅದರಲ್ಲಿ ಮದುವೆ, ತಿಥಿ, ಹೋರಾಟದ ಸಭೆ, ಮಕ್ಕಳು. ಹಿರಿಯರ ಮಾತು ಭಾನುವಾರ ಕೇಳಬಹುದು. ಆದರೆ ತಾಲ್ಲೂಕು ಕಚೇರಿ ರೆಕಾರ್ಡ್ ರೂಂ, ಶಾಲೆಯ ದಾಖಲಾತಿ ಪುಸ್ತಕ, ಬೆಂಗಳೂರಿನ ರಾಜ್ಯ ಪತ್ರಾಗಾರ, ಇವೆಲ್ಲ ಕಚೇರಿ ದಿನ, ಕಚೇರಿ ಹೊತ್ತಿಗೇ ತೆಗೆಯೋದು. ಒಂದು ಹಳೇ ಪುಟಕ್ಕೆ ಎರಡು ದಿನದ ರಜೆ ಅಥವಾ ಎರಡು ದಿನದ ಕೂಲಿ. ಸಂಬಳ ತಗೊಂಡು ಸಂಶೋಧನೆ ಮಾಡೋರಿಗೂ ನಮಗೂ ಇರೋ ವ್ಯತ್ಯಾಸ ಇದು. ತಾತ ಬಿಟ್ಟಿ ಚಾಕರಿ ಮಾಡಿ ಊರಿನ ನೆನಪು ಹೊತ್ತ, ಮೊಮ್ಮಗ ಬಿಟ್ಟಿ ಚಾಕರಿ ಮಾಡಿ ತಾತನ ನೆನಪು ಹೊರ್ತಿದ್ದಾನೆ ಅಂತ ನಮ್ಮ ಮೇಷ್ಟ್ರು ನಗ್ತಿದ್ರು.

ನಮ್ಮೊಳಗಿನ ತಪ್ಪೂ ಇತ್ತು. ಏಳು ಜನದಲ್ಲಿ ಹೆಣ್ಣುಮಗಳು ಒಬ್ಬರೇ. ಅಜ್ಜಿಯರ ಬಾಯಿ ಬಿಡಿಸೋದರಲ್ಲಿ ಆಶಾ ಅಕ್ಕನಿಗೆ ಸಮ ಯಾರೂ ಇರಲಿಲ್ಲ. ತವರು, ಬಾಣಂತನ, ಸತ್ತ ಕೂಸು, ಕೂಡಾವಳಿ, ಇದೆಲ್ಲ ಹೇಳೋದು ಹೆಂಗಸರು. ಗಂಡಸರಿಗೆ ಅಪ್ಪನ ಕವಲು ಮಾತ್ರ ನೆನಪು. ಆದರೆ ನಾವು ಸಭೆ ಇಟ್ಟುಕೊಳ್ತಿದ್ದದ್ದು ರಾತ್ರಿ ಏಳು ಗಂಟೆಗೆ. ಅಕ್ಕ ಬರೋಕಾಗ್ತಿರಲಿಲ್ಲ. "ಅಕ್ಕನಿಗೆ ಆಸಕ್ತಿ ಕಮ್ಮಿ" ಅಂತ ನಾವೇ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡ್ವಿ.

ಏನು ಬರೀಬೇಕು, ಏನು ಬಿಡಬೇಕು ಅನ್ನೋದು ಇನ್ನೂ ಕಷ್ಟ. ಒಂದು ಹಟ್ಟಿಯಲ್ಲಿ ಒಬ್ಬ ಅಜ್ಜಿ ತನ್ನ ತಾಯಿ ಬಸವಿ ಬಿಟ್ಟವಳು ಅಂತ ಹೇಳಿದ್ರು. ಗಂಡನ ಹೆಸರಿನ ಕಾಲಂ ಖಾಲಿ. ಹೇಳಿ ಮುಗಿಸಿ, "ಇದನ್ನ ಬರೀಬ್ಯಾಡ ಕಣವ್ವ, ಮೊಮ್ಮಗಳ ಮದುವೆ ಐತೆ" ಅಂದ್ರು. ನಮ್ಮಲ್ಲಿ ದೊಡ್ಡ ಜಗಳ ಆಯ್ತು. ಬರೆಯದಿದ್ರೆ ಚರಿತ್ರೆಗೆ ಮೋಸ, ದೌರ್ಜನ್ಯ ಮುಚ್ಚಿಟ್ಟ ಹಾಗೆ ಅಂತ ಒಬ್ಬ. ಅಕ್ಕ ಒಂದೇ ಮಾತು ಹೇಳಿದ್ರು: "ಅವಳ ಅವ್ವನ್ನ ಆಗ ಊರು ಕೇಳಲಿಲ್ಲ. ಈಗ ನೀವೂ ಕೇಳಲ್ವಾ?" ನಾವು ಬರೆಯಲಿಲ್ಲ. ಅವತ್ತಿಂದ ಅದು ನಿಯಮ. ಹೇಳಿದವರು ಬೇಡ ಅಂದ್ರೆ ಬೇಡ.

ಆಮೇಲೆ ಒಳಮೀಸಲಾತಿ ಬಂತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣ ಸರಿ ಅಂತು. 2025ರ ಮೇನಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆ ಶುರುವಾಯ್ತು. ಗಣತಿದಾರರು ಎ.ಕೆ., ಎ.ಡಿ. ಅಂದವರನ್ನೆಲ್ಲ ಮೂಲ ಜಾತಿ ಯಾವುದು ಅಂತ ಕೇಳೋಕೆ ಶುರು ಮಾಡಿದ್ರು. ಎರಡು ವಾರ ನನ್ನ ಫೋನಿಗೆ ಪುರುಸೊತ್ತಿಲ್ಲ. "ಅಣ್ಣ, ನಮ್ಮದು ಏನು ಅಂತ ನಿಮ್ಮ ಪುಸ್ತಕದಲ್ಲಿ ನೋಡಿ ಹೇಳಿ." ಕೆಲವರದು ಹೇಳಿದ್ವಿ. ಅದು ನಮ್ಮ ಬಳಗ ಮಾಡಿದ ಅತಿ ಉಪಯೋಗದ ಕೆಲಸ.

ಆದರೆ ಅದೇ ಹೊತ್ತಿಗೆ ಒಂದು ಕಡೆಯ ಮುಖಂಡರೊಬ್ಬರು ಬಂದು ಇಡೀ ರಿಜಿಸ್ಟರ್ ಕೊಡಿ ಅಂದ್ರು, ನಮ್ಮ ಸಂಖ್ಯೆ ತೋರಿಸಬೇಕು ಅಂತ. ವಾರ ಬಿಟ್ಟು ಇನ್ನೊಂದು ಕಡೆಯವರು ಬಂದು ಅದನ್ನೇ ಕೇಳಿದ್ರು. ನಮ್ಮ ಬಳಗದಲ್ಲಿ ಎಡಗೈನವರೂ ಇದ್ದೀವಿ, ಬಲಗೈನವರೂ ಇದ್ದೀವಿ. ಯಾರಿಗೂ ಕೊಡಲಿಲ್ಲ. ಜನ ತಮ್ಮ ಮನೆ ಕಥೆಯನ್ನ ನಮ್ಮನ್ನ ನಂಬಿ ಹೇಳಿದ್ದು, ಯಾರ ಬಲಪ್ರದರ್ಶನಕ್ಕೂ ಅಲ್ಲ. ಇಬ್ಬರು ಗೆಳೆಯರು ಮುನಿಸಿಕೊಂಡು ಬಳಗ ಬಿಟ್ಟರು. ಒಬ್ಬರು ಎಡಗೈ, ಒಬ್ಬರು ಬಲಗೈ. ಇಬ್ಬರೂ ನಾನು ಎದುರು ಪಾರ್ಟಿ ಅಂದ್ರು. ಆಗಸ್ಟ್‌ನಲ್ಲಿ ಸಂಪುಟ 6, 6, 5 ಅಂತ ಹಂಚಿತು. ಅಲೆಮಾರಿಗಳಿಗೆ ಪ್ರತ್ಯೇಕ 1 ಅಂತ ಆಯೋಗ ಹೇಳಿದ್ದನ್ನ ಕೈಬಿಟ್ಟಿತು. ಆ ದಿನ ನನಗೆ ನಮ್ಮವ್ವ ಎತ್ತರದಿಂದ ರಾಗಿ ಸುರಿದದ್ದು ನೆನಪಾಯ್ತು. ಅಲೆಮಾರಿಗಳು ಮತ್ತೆ ಹೊರಗೇ ನಿಂತರು.

ಈಗ ಆ ರೆಕಾರ್ಡಿಂಗ್ ವಿಷಯ.

ಹಟ್ಟಿ ತಾತನ್ನ ಮಾತಾಡಿಸಿದ ಎಲೆಕ್ಟ್ರಿಷಿಯನ್ ಹುಡುಗ ಅದನ್ನ ತನ್ನ ಫೋನಿನಲ್ಲೇ ಇಟ್ಟುಕೊಂಡಿದ್ದ. ಬಳಗದ ಹಾರ್ಡ್ ಡಿಸ್ಕ್ ನಮ್ಮ ಮನೆ ಬೀರುವಿನಲ್ಲಿ, ಬೀಗದ ಕೈ ನನ್ನ ಹತ್ರ. ಅವನು ಎರಡು ಸಲ ಕೇಳಿದ, "ಅಣ್ಣ, ಡಿಸ್ಕ್ ಕೊಡಿ, ಕಾಪಿ ಮಾಡಿಕೊಡ್ತೀನಿ." ನಾನು ಕೊಡಲಿಲ್ಲ. "ಮುಂದಿನ ಭಾನುವಾರ ಬಾ, ನಾನೇ ಮಾಡ್ತೀನಿ" ಅಂದೆ. ಗುಮಾಸ್ತನ ಬುದ್ಧಿ. ಫೈಲು ನನ್ನ ಟೇಬಲ್ಲಿನಿಂದ ಆಚೆ ಹೋದ್ರೆ ಕಳೆದೇ ಹೋಯ್ತು ಅನ್ನೋ ಭಯ. ಹುಡುಗರು ಕೆಡಿಸ್ತಾರೆ ಅನ್ನೋ ಅನುಮಾನ. ಸ್ವಲ್ಪ ಅಹಂಕಾರವೂ ಇತ್ತು, ಸುಳ್ಳು ಯಾಕೆ ಹೇಳಲಿ. ಜನ ಬಂದು "ಸಾರ್ ಹತ್ರ ಎಲ್ಲಾ ಇದೆ" ಅಂದಾಗ ಹಿತ ಅನ್ನಿಸ್ತಿತ್ತು. ಆ ಮುಂದಿನ ಭಾನುವಾರ ಬರಲೇ ಇಲ್ಲ. ಚುನಾವಣೆ ಡ್ಯೂಟಿ ಬಂತು, ಅಪ್ಪನಿಗೆ ಆಪರೇಷನ್ ಆಯ್ತು, ಕೊರೋನಾ ಬಂತು. ಒಂದು ದಿನ ಕಂಬದ ಮೇಲೆ ಕೆಲಸ ಮಾಡ್ತಿದ್ದಾಗ ಅವನ ಫೋನು ಕೆಳಗೆ ಬಿದ್ದು ಚೂರಾಯ್ತು.

ಅಷ್ಟೇ ಕಥೆ. ಶಾನುಭೋಗರು ಸುಡಲಿಲ್ಲ, ಗೌಡರು ಕಿತ್ತುಕೊಳ್ಳಲಿಲ್ಲ, ಸರ್ಕಾರ ಮುಚ್ಚಿಡಲಿಲ್ಲ. ನಾನು ಕಳೆದೆ.

ಕುಳವಾಡಿಯ ನೆನಪು ಅವನೊಬ್ಬನ ತಲೆಯಲ್ಲಿತ್ತು. ದಕ್ಕಲಿಗರ ಪುಸ್ತಕ ಅವರೊಬ್ಬರ ಬಾಯಲ್ಲಿತ್ತು. ಅವರಿಗೆ ಬೇರೆ ದಾರಿ ಇರಲಿಲ್ಲ, ಅಕ್ಷರವನ್ನೇ ಕೊಟ್ಟಿರಲಿಲ್ಲ. ನಮಗೆ ಅಕ್ಷರ ಇತ್ತು, ಫೋನು, ಕಂಪ್ಯೂಟರು, ನೋಂದಣಿ ಆದ ಸಂಘ, ಸೀಲು ಎಲ್ಲಾ ಇತ್ತು. ಆದ್ರೂ ನಾವು ಎಲ್ಲಾ ತಗೊಂಡು ಹೋಗಿ ಮತ್ತೆ ಒಬ್ಬನ ಕೈಗೇ ಇಟ್ವಿ. ನಮ್ಮ ಎಷ್ಟೋ ಸಂಘಟನೆಗಳು ಒಬ್ಬ ನಾಯಕನ ಜೊತೆ ಹುಟ್ಟಿ ಅವನ ಜೊತೆಗೇ ಮುಗಿದದ್ದು ಇದೇ ಕಾರಣಕ್ಕೆ ಅಂತ ನನಗೆ ಈಗ ಅನ್ನಿಸುತ್ತೆ. ಸಂಘದ ಪತ್ರ, ಲೆಕ್ಕ, ಫೋಟೋ, ಕರಪತ್ರ ಎಲ್ಲಾ ಒಬ್ಬರ ಮನೆ ಅಟ್ಟದ ಮೇಲೆ. ಅವರು ಹೋದ ಮೇಲೆ ಮನೆಯವರು ಗುಜರಿಗೆ ಹಾಕ್ತಾರೆ. ದಲಿತ ಚಳವಳಿಯ 50 ವರ್ಷದ ಕಾಗದ ಈಗ ಎಲ್ಲಿದೆ ಅಂತ ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಒಂದು ಸಲ ಕೇಳಿ ನೋಡಿ.

ಆ ಹುಡುಗನಿಗೆ ನಾನು ನಿಜ ಹೇಳಿದೆ. ಅವನು ಸಿಟ್ಟಾಗಲಿಲ್ಲ, ಸುಮ್ಮನೆ ಕವರು ಮಡಚಿ ಇಟ್ಟುಕೊಂಡ. ಸಿಟ್ಟಾಗಿದ್ರೆ ವಾಸಿ ಇತ್ತು. ಎರಡು ದಿನ ರಜೆ ಹಾಕಿ ಅವನ ಜೊತೆ ಹೋದೆ. ಅವರೂರಿನ ಶಾಲೆಯ ಹಳೇ ದಾಖಲಾತಿ ಪುಸ್ತಕದಲ್ಲಿ ದೊಡ್ಡತಿಮ್ಮಯ್ಯನ ಮಗನ ಹೆಸರು ಸಿಕ್ಕಿತು. ತಂದೆ: ತಿಮ್ಮ. ಜಾತಿ: ಎ.ಕೆ. ತಾತನ ಹೆಸರು ಇಲ್ಲ. ಅರ್ಧ ಸಿಕ್ಕಿತು ಅಂದ್ಕೊಳ್ಳಿ. ಇನ್ನೊಬ್ಬ ತಿಮ್ಮನ ಮನೆಯವರು ಬೆಂಗಳೂರಿಗೆ ಹೋಗಿ ಪೌರಕಾರ್ಮಿಕರಾಗಿದ್ರು ಅಂತ ಒಬ್ಬ ಅಜ್ಜಿ ಹೇಳಿದ್ರು. ಅವರ ಕವಲು ಬೇರೆ ಅಂತ ತೋರಿಸಿದ್ರೆ ಇವರ ಕವಲು ಗಟ್ಟಿಯಾಗುತ್ತೆ. ಹುಡುಕ್ತಿದ್ದೀವಿ. ಕೇಸು ಇನ್ನೂ ನಡೀತಿದೆ.

ಹೋದ ಭಾನುವಾರ ಬಳಗದ ಸಭೆ ಆಯ್ತು, ಮಧ್ಯಾಹ್ನ ಮೂರಕ್ಕೆ, ಅಕ್ಕನ ಮನೆ ಅಂಗಳದಲ್ಲಿ. ಕೆಲವು ತೀರ್ಮಾನ ಮಾಡಿದ್ವಿ. ಪ್ರತಿ ರೆಕಾರ್ಡಿಂಗ್ ಮೂರು ಜನರ ಹತ್ರ ಇರಬೇಕು, ಮೂರೂ ಬೇರೆ ಬೇರೆ ಊರಲ್ಲಿ. ಒಂದು ಪ್ರತಿ ಮೊದಲು ಆ ಮನೆಯವರಿಗೇ ಕೊಡಬೇಕು, ಕಥೆ ಅವರದು. ರೆಕಾರ್ಡ್ ಮಾಡಿದ ವಾರದೊಳಗೆ ಹೆಸರು, ಊರು, ಸಂಬಂಧ ಕಾಗದಕ್ಕೆ ಇಳಿಸಬೇಕು. ಕಾರ್ಯದರ್ಶಿ ಎರಡು ವರ್ಷಕ್ಕೆ ಬದಲಾಗಬೇಕು. ನಾನು ಬಿಟ್ಟೆ. ಈಗ ಆಶಾ ಅಕ್ಕ ಕಾರ್ಯದರ್ಶಿ. ಬೀರು ಇನ್ನೂ ನಮ್ಮ ಮನೇಲೇ ಇದೆ, ಎತ್ತೋಕೆ ನಾಲ್ಕು ಜನ ಬೇಕು. ಬೀಗದ ಕೈ ಮಾತ್ರ ಅಕ್ಕನ ಹತ್ರ. ಕೊಟ್ಟಾಗ ಅಕ್ಕ ಅದನ್ನ ಸೆರಗಿಗೆ ಗಂಟು ಹಾಕಿಕೊಂಡು, "ಇದಕ್ಕೆ ಇನ್ನೆರಡು ಮಾಡಿಸ್ಬೇಕು" ಅಂದ್ರು. ಒಂಬತ್ತು ವರ್ಷದಲ್ಲಿ ನನಗೆ ಹೊಳೆಯಲಿಲ್ಲ ನೋಡಿ.

ಕೊನೆಗೆ ನಿಮ್ಮಲ್ಲಿ ಕೇಳೋದು ಇಷ್ಟು. ಸಂಘ ಕಟ್ಟಿ ಅಂತ ಹೇಳ್ತಿಲ್ಲ. ನಿಮ್ಮ ಮನೆಯಲ್ಲಿ ಅಥವಾ ಹಟ್ಟಿಯಲ್ಲಿ ಎಂಬತ್ತು ದಾಟಿದ ಒಬ್ಬರಾದರೂ ಇರ್ತಾರೆ. ಈ ವಾರ ಅವರ ಪಕ್ಕ ಕೂತು ಅಪ್ಪ, ತಾತ, ಮುತ್ತಾತನ ಹೆಸರು ಕೇಳಿ. ಅವ್ವ, ಅಜ್ಜಿ, ಅವರ ತವರಿನ ಹೆಸರೂ ಕೇಳಿ. ಅಡ್ಡಹೆಸರು ಬಿಡಬೇಡಿ. ಜಮೀನು ಇತ್ತಾ, ಹೆಂಗೆ ಬಂತು, ಹೆಂಗೆ ಹೋಯ್ತು ಕೇಳಿ. ಬರೆದು ತಾರೀಕು ಹಾಕಿ ಮೂರು ಪ್ರತಿ ಮಾಡಿ, ಮೂರು ಮನೇಲಿ ಇಡಿ. ದಕ್ಕಲಿಗರು ಯಾರಾದ್ರೂ ನಿಮ್ಮ ಕಡೆ ಇದ್ರೆ ಅವರ ಮನೆಗೆ ಹೋಗಿ, ಒಳಗೆ ಕೂತು ನೀರು ಕುಡಿದು, ಆಮೇಲೆ ಕೇಳಿ.

ಬೆಂಗಳೂರಿನಲ್ಲಿರೋ ಗೆಳೆಯರೆ, ಸಿರಾ ಕಡೆಯಿಂದ ಎರಡು ಮೂರು ತಲೆಮಾರಿನ ಹಿಂದೆ ಬಂದು ಪೌರಕಾರ್ಮಿಕರಾದ, ತಾತನ ಹೆಸರು ತಿಮ್ಮ ಅಂತಿರೋ ಮನೆ ನಿಮಗೆ ಗೊತ್ತಿದ್ರೆ ನನಗೆ ಮೆಸೇಜ್ ಮಾಡಿ. ಅಂಥ ಮನೆ ನೂರು ಇರಬಹುದು ಅಂತ ನನಗೂ ಗೊತ್ತು. ನೂರಕ್ಕೂ ಹೋಗಿ ಬರ್ತೀವಿ.

ಜೈ ಭೀಮ್.